ಗುರಿ ಮರೆಯದ ಗುರು: ಸಂತ ಜೋಸೆಫ್ ವಾಜ್

ಹೊಸ ವರ್ಷದ ಪೂಜೆ ಮುಗಿಸಿಕೊಂಡು ಮನೆಗೆ ಬರುವಾಗ ನಮ್ಮಲ್ಲಿ ಎಲ್ಲರ ಮನಸ್ಸಿನಲ್ಲೂ ಒಂದೊಂದು ನಿರ್ಧಾರವಿರುತ್ತದೆ. ಶಹಾಬಾದಿನ ಕಲ್ಲುಗಣಿಯಲ್ಲಿ ದುಡಿಯುವ ತಂದೆ ಈ ವರ್ಷ ಕುಡಿತ ಮುಟ್ಟುವುದಿಲ್ಲ ಎಂದು ಮನಸ್ಸಿನಲ್ಲೇ ಪ್ರತಿಜ್ಞೆ ಮಾಡುತ್ತಾನೆ. ವಾಡಿಯ ಹುಡುಗ ಪಿಯುಸಿಯಲ್ಲಿ ಉಳಿದ ವಿಷಯ ಕಟ್ಟಿ ಪಾಸಾಗುತ್ತೇನೆ ಎನ್ನುತ್ತಾನೆ. ಸೇಡಂನ ತಾಯಿ ಮಗಳ ಓದಿಗೆಂದು ತಿಂಗಳು ತಿಂಗಳು ಸ್ವಲ್ಪ ಹಣ ಎತ್ತಿಡುತ್ತೇನೆ ಎಂದುಕೊಳ್ಳುತ್ತಾಳೆ. ಸಂಕ್ರಾಂತಿಯ ಎಳ್ಳು ಬೆಲ್ಲ ಮುಗಿಯುವ ಹೊತ್ತಿಗೆ ಆ ನಿರ್ಧಾರಗಳಲ್ಲಿ ಎಷ್ಟು ಉಳಿದಿರುತ್ತವೆ ಎಂಬುದು ಅವರವರಿಗೇ ಗೊತ್ತು.

ಸಂಕ್ರಾಂತಿ ಕಳೆದು ಒಂದೆರಡು ದಿನಕ್ಕೆ, ಜನವರಿ 16ರಂದು, ಧರ್ಮಸಭೆ ಸಂತ ಜೋಸೆಫ್ ವಾಜ್ ಅವರ ಹಬ್ಬವನ್ನು ಆಚರಿಸುತ್ತದೆ. ತಮ್ಮ ಬಾಳಿಗೆ ಒಂದೇ ಒಂದು ಗುರಿಯನ್ನು ಇಟ್ಟುಕೊಂಡು, ಅದಕ್ಕಾಗಿ ಆರು ವರ್ಷ ಕಾದು, ಕೊನೆಗೆ ಅದನ್ನು ಸಾಧಿಸಿದವರು ಅವರು. ಕಾಯುತ್ತಿದ್ದ ಆರು ವರ್ಷಗಳಲ್ಲಿ ಮೂರನ್ನು ನಮ್ಮ ಕನ್ನಡ ನಾಡಿನಲ್ಲಿಯೇ ಕಳೆದರು. ಕರಾವಳಿಯ ಕಥೋಲಿಕರಿಗೆ ಅವರ ಹೆಸರು ಚಿರಪರಿಚಿತ. ಕಲಬುರಗಿ ಸೀಮೆಯ ನಮ್ಮ ಮನೆಗಳಲ್ಲಿ ಅವರ ಕಥೆ ಅಷ್ಟಾಗಿ ಕೇಳಿಬರುವುದಿಲ್ಲ. ಅದಕ್ಕಾಗಿಯೇ ಈ ಬರಹ.

ಜೋಸೆಫ್ ವಾಜ್ 1651ರ ಏಪ್ರಿಲ್ 21ರಂದು ಗೋವಾದ ಬೆನಾವ್ಲಿಂ ಗ್ರಾಮದಲ್ಲಿ, ತಾಯಿಯ ತವರಿನಲ್ಲಿ ಹುಟ್ಟಿದರು. ತಂದೆ ಕ್ರಿಸ್ತೊವಾಂವ್ ವಾಜ್ ಸಾಂಕ್ವಾಳದವರು, ತಾಯಿ ಮರಿಯ ದೆ ಮಿರಾಂದ. ಆರು ಮಕ್ಕಳಲ್ಲಿ ಇವರು ಮೂರನೆಯವರು. ಮನೆಯ ಮಾತು ಕೊಂಕಣಿ. ಶಾಲೆಯಲ್ಲಿ ಪೋರ್ಚುಗೀಸ್ ಮತ್ತು ಲ್ಯಾಟಿನ್ ಕಲಿತರು. ಮುಂದೆ ಹಳೆ ಗೋವಾದಲ್ಲಿ ಯೇಸುಸಭೆಯವರ ಸಂತ ಪೌಲರ ಕಾಲೇಜಿನಲ್ಲಿಯೂ ದೊಮಿನಿಕ್ ಸಭೆಯವರ ಸಂತ ಥಾಮಸ್ ಅಕ್ವಿನಾಸರ ಕಾಲೇಜಿನಲ್ಲಿಯೂ ಓದಿ, 1676ರಲ್ಲಿ ಗುರುದೀಕ್ಷೆ ಪಡೆದರು. ಗುರುಗಳಾದ ಮೇಲೆ ಪಾದರಕ್ಷೆ ತೊಡುವುದನ್ನು ಬಿಟ್ಟು, ಬಡವರಂತೆ ಬರಿಗಾಲಲ್ಲಿ ನಡೆಯತೊಡಗಿದರು. ಸಾಂಕ್ವಾಳದಲ್ಲಿ ಹುಡುಗರಿಗಾಗಿ ಒಂದು ಲ್ಯಾಟಿನ್ ಶಾಲೆ ತೆರೆದರು. 1677ರ ಆಗಸ್ಟ್ 5ರಂದು ತಮ್ಮನ್ನು ದೇವಮಾತೆಯ ದಾಸನೆಂದು ಒಪ್ಪಿಸಿಕೊಂಡು ಒಂದು ಪತ್ರವನ್ನೇ ಬರೆದಿಟ್ಟರು.

ಆ ಕಾಲದ ಒಂದು ಸಂಗತಿಯನ್ನು ಇಲ್ಲಿ ಹೇಳಲೇಬೇಕು. ಗೋವಾದಲ್ಲಿ ಆಳ್ವಿಕೆ ಪೋರ್ಚುಗೀಸರದು. ಧರ್ಮಸಭೆಯಲ್ಲಿಯೂ ದೊಡ್ಡ ಸ್ಥಾನಗಳು ಅವರಿಗೇ. ಸನ್ಯಾಸಿ ಸಭೆಗಳು ಸಾಮಾನ್ಯವಾಗಿ ಈ ನಾಡಿನ ಮಕ್ಕಳನ್ನು ಸೇರಿಸಿಕೊಳ್ಳುತ್ತಿರಲಿಲ್ಲ. ಕಂದುಬಣ್ಣದ ಗುರು ಎಷ್ಟೇ ಓದಿದ್ದರೂ ಎರಡನೆಯ ದರ್ಜೆಯವನೇ ಆಗಿದ್ದ. ಈ ಮಾತು ಮುಂದೆ ಮತ್ತೆ ಬರುತ್ತದೆ.

ಸಮುದ್ರದಾಚೆಯ ಶ್ರೀಲಂಕಾದಲ್ಲಿ ಆಗ ದೊಡ್ಡ ಸಂಕಟವಿತ್ತು. ಡಚ್ಚರು 1656ರಲ್ಲಿ ಕೊಲಂಬೊವನ್ನು, 1658ರಲ್ಲಿ ಜಾಫ್ನಾವನ್ನು ಪೋರ್ಚುಗೀಸರಿಂದ ಕಿತ್ತುಕೊಂಡಿದ್ದರು. ಅವರು ಕಾಲ್ವಿನ್ ಪಂಥದವರು. ಕಥೋಲಿಕ ಗುರುಗಳನ್ನು ಹೊರಗಟ್ಟಿದರು, ದೇವಾಲಯಗಳನ್ನು ವಶಪಡಿಸಿಕೊಂಡರು, ಗುರುಗಳಿಗೆ ಆಶ್ರಯ ಕೊಡುವುದನ್ನು ಅಪರಾಧವೆಂದು ಸಾರಿದರು. ಹುಟ್ಟಿದ ಮಕ್ಕಳು ಪರಮಪ್ರಸಾದವನ್ನು ಕಣ್ಣಿಂದಲೂ ಕಾಣದೆ ಬೆಳೆದು ದೊಡ್ಡವರಾದರು. ಮುದುಕರು ಪಾಪನಿವೇದನೆಯಿಲ್ಲದೆ ಕಣ್ಣುಮುಚ್ಚಿದರು. ಮನೆಯೊಳಗೆ ಗುಟ್ಟಾಗಿ ಹೇಳುವ ಜಪಸರವೊಂದೇ ಅವರಿಗೆ ಉಳಿದದ್ದು. ಈ ಸುದ್ದಿ ಗೋವಾವನ್ನು ಮುಟ್ಟಿದಾಗ ಬಹಳ ಜನ ಮರುಗಿದರು. ಜೋಸೆಫ್ ವಾಜ್ ಅಲ್ಲಿಗೆ ತಾವು ಹೋಗಬೇಕು ಎಂದು ನಿಶ್ಚಯಿಸಿಕೊಂಡರು.

1681ರಲ್ಲಿ ಅವರು ಮೇಲಿನವರ ಮುಂದೆ ಈ ಕೋರಿಕೆಯನ್ನಿಟ್ಟರು. ಒಪ್ಪಿಗೆ ಸಿಗಲಿಲ್ಲ. ಅದರ ಬದಲು ಕೆನರಾ ಪ್ರಾಂತ್ಯದ, ಅಂದರೆ ನಮ್ಮ ಕನ್ನಡ ಕರಾವಳಿಯ, ಮಿಶನ್ನಿಗೆ ಮುಖ್ಯಸ್ಥರಾಗಿ ಹೋಗಬೇಕೆಂಬ ಅಪ್ಪಣೆ ಬಂದಿತು. ಆಗ ಅವರ ವಯಸ್ಸು ಮೂವತ್ತು.

ಈ ಸಂತರ ಬಗ್ಗೆ ಪ್ರಸಂಗಗಳಲ್ಲಿ ಹೇಳುವಾಗ ನಾವು ಮಳೆ ತರಿಸಿದ ಪವಾಡವನ್ನೇ ಮತ್ತೆ ಮತ್ತೆ ಹೇಳುತ್ತೇವೆ. ನನಗಾದರೋ 1681ರ ಈ ನಿರಾಕರಣೆಯೇ ಅವರ ಬಾಳಿನ ದೊಡ್ಡ ಘಟ್ಟವೆನಿಸುತ್ತದೆ. ಕೇಳಿದ್ದು ದಕ್ಷಿಣದ ದ್ವೀಪ, ಸಿಕ್ಕಿದ್ದು ಜಗಳ ತುಂಬಿದ ಒಂದು ಪ್ರಾಂತ್ಯ. ನಮ್ಮಲ್ಲಿ ಎಷ್ಟು ಜನ ಇಂಥ ಜಾಗದಲ್ಲಿ ಗುರಿಯನ್ನು ಕೈಬಿಡುತ್ತೇವೆ! ಕೈಬಿಡದೆ ಇರುವವರು ಕೂಡ ಸಿಕ್ಕಿದ ಕೆಲಸವನ್ನು ಒಲ್ಲದ ಮನಸ್ಸಿನಿಂದ, ಅರೆಬರೆ ಮಾಡುತ್ತೇವೆ. ಬೇರೆ ಊರಿಗೆ ವರ್ಗವಾಗಲಿ ಎಂದು ಕಾಯುವ ನೌಕರ ಇದ್ದೂರಿನ ಕಡತಗಳನ್ನು ಹೇಗೆ ನೋಡುತ್ತಾನೆಂಬುದು ನಮಗೆ ತಿಳಿಯದ್ದೇನಲ್ಲ.

ಕೆನರಾದಲ್ಲಿ ಆಗ ಕೆಳದಿಯ ರಾಣಿ ಚೆನ್ನಮ್ಮನ ಆಳ್ವಿಕೆ ನಡೆದಿತ್ತು. ಕಥೋಲಿಕರೊಳಗೆ ಎರಡು ಪಕ್ಷಗಳಿದ್ದವು. ಧರ್ಮಕಾರ್ಯದ ಅಧಿಕಾರ ಪೋರ್ಚುಗಲ್ ದೊರೆಯ ಹಕ್ಕಿನಂತೆ ಗೋವಾಕ್ಕೆ ಸೇರಿದ್ದೆಂದು ಒಂದು ಪಕ್ಷ ಹೇಳುತ್ತಿತ್ತು. ರೋಮಿನಿಂದ ನೇರವಾಗಿ ನೇಮಕಗೊಂಡು ಬಂದ ಧರ್ಮಾಧ್ಯಕ್ಷ ಥಾಮಸ್ ದೆ ಕಾಸ್ತ್ರೊ ಅವರದೇ ಅಧಿಕಾರವೆಂದು ಇನ್ನೊಂದು ಪಕ್ಷ ವಾದಿಸುತ್ತಿತ್ತು. ಯಾರ ಕೈಯಿಂದ ಸಂಸ್ಕಾರ ಪಡೆದರೆ ಸರಿ ಎಂಬ ಗೊಂದಲದಲ್ಲಿ ಜನಸಾಮಾನ್ಯರು ನಲುಗಿಹೋಗಿದ್ದರು. ವಾಜ್ ಗೋವಾದ ಕಡೆಯಿಂದ ಬಂದವರಾದರೂ ಧರ್ಮಾಧ್ಯಕ್ಷರೊಡನೆ ಗೌರವದಿಂದ ನಡೆದುಕೊಂಡು, ರೋಮಿನ ತೀರ್ಪು ಬರುವವರೆಗೆ ಜನರ ಆತ್ಮಗಳಿಗೆ ನಷ್ಟವಾಗದಂತೆ ನೋಡಿಕೊಳ್ಳಲು ಯತ್ನಿಸಿದರು. ಜಗಳ ಅವರ ಕಾಲದಲ್ಲಿ ಪೂರ್ತಿ ತೀರಲಿಲ್ಲ. ಅವರು ಅದಕ್ಕಾಗಿ ಕೆಲಸ ನಿಲ್ಲಿಸಲೂ ಇಲ್ಲ.

ಹೊನ್ನಾವರ, ಬಸ್ರೂರು, ಕುಂದಾಪುರ, ಗಂಗೊಳ್ಳಿಗಳಲ್ಲಿ ದೇವಾಲಯಗಳನ್ನು ಕಟ್ಟಿಸಿದರು, ಬಿದ್ದಿದ್ದನ್ನು ಎತ್ತಿ ನಿಲ್ಲಿಸಿದರು. ಹೊಳೆ ದಾಟಿ, ಗದ್ದೆಯ ಬದುವಿನ ಮೇಲೆ ಬರಿಗಾಲಲ್ಲಿ ನಡೆದು ಮನೆಮನೆಗೆ ಹೋದರು. ಮಕ್ಕಳಿಗೆ ಶಾಲೆಗಳನ್ನು ತೆರೆದರು. ಭಕ್ತಾದಿಗಳ ಸೋದರ ಸಂಘಗಳನ್ನು ಸ್ಥಾಪಿಸಿದರು. ಸೆರೆಯಾಳುಗಳಾಗಿ ಸಿಕ್ಕಿಬಿದ್ದ ಕ್ರೈಸ್ತರನ್ನು ಹಣ ಕೊಟ್ಟು ಬಿಡಿಸಿದರು. ಮಂಗಳೂರಿನ ಬಳಿಯ ಮುಡಿಪು ಗುಡ್ಡದಲ್ಲಿ ಅವರ ಹೆಸರಿನ ಪುಣ್ಯಕ್ಷೇತ್ರವಿದ್ದು, ಅಲ್ಲಿಗೆ ಹೋಗಿಬಂದವರು ನಮ್ಮ ಧರ್ಮಕೇಂದ್ರಗಳಲ್ಲಿಯೂ ಇರಬಹುದು.

ಈ ಮೂರು ವರ್ಷ ವ್ಯರ್ಥವಾಯಿತೇ? ಗುರುಗಳ ಕೊರತೆ, ಸ್ವಂತ ಜನರೊಳಗಿನ ಒಡಕು, ಪರಧರ್ಮದ ದೊರೆಯ ರಾಜ್ಯ, ದೂರದೂರದ ಹಳ್ಳಿಗಳು: ಇವೆಲ್ಲವನ್ನೂ ಅವರು ಕುಂದಾಪುರ, ಬಸ್ರೂರುಗಳಲ್ಲಿ ಕಲಿತರು. ಮುಂದೆ ಶ್ರೀಲಂಕಾದಲ್ಲಿ ಬೇಕಾದದ್ದು ಇದೇ ವಿದ್ಯೆ. ಬೇಡವೆಂದುಕೊಂಡು ಮಾಡಿದ್ದರೆ ಅದು ಕೈಗೆ ಹತ್ತುತ್ತಿರಲಿಲ್ಲ.

1684ರಲ್ಲಿ ಅವರು ಗೋವಾಕ್ಕೆ ಮರಳಿದರು. ಅಲ್ಲಿ ಸ್ಥಳೀಯ ಗುರುಗಳ ಒಂದು ಚಿಕ್ಕ ಗುಂಪು ಹಳೆ ಗೋವಾದ ಪವಾಡಗಳ ಪವಿತ್ರ ಶಿಲುಬೆಯ ದೇವಾಲಯದ ಬಳಿ ಒಟ್ಟಾಗಿ ಬಾಳುತ್ತಿತ್ತು. 1685ರ ಸೆಪ್ಟೆಂಬರಿನಲ್ಲಿ ವಾಜ್ ಅವರನ್ನು ಸೇರಿದರು. ಗುಂಪಿನವರು ಇವರನ್ನೇ ಹಿರಿಯರನ್ನಾಗಿ ಆರಿಸಿದರು. ಸಂತ ಫಿಲಿಪ್ ನೇರಿಯವರ ಕ್ರಮವನ್ನು ಅನುಸರಿಸಿ 1686ರಲ್ಲಿ ಅದು ವಿಧಿಬದ್ಧವಾದ ಸಭೆಯಾಯಿತು. ಗೋವಾದ ಒರೆಟರಿ ಎಂದು ಹೆಸರಾದ ಈ ಸಂಸ್ಥೆ ನಮ್ಮ ನಾಡಿನವರೇ ಕಟ್ಟಿ ನಡೆಸಿದ ಧಾರ್ಮಿಕ ಸಭೆಗಳಲ್ಲಿ ಮೊದಲನೆಯದು.

ಗುರಿಗೆ ಇದೊಂದು ಹೊಸ ಬಗೆಯ ಅಡ್ಡಿ. ಮೊದಲ ಸಲ ತಡೆದದ್ದು ನಿರಾಕರಣೆ, ಈಗ ತಡೆಯುತ್ತಿರುವುದು ಗೌರವ. ಸ್ವಂತ ಸಂಸ್ಥೆ, ಹಿರಿತನ, ತಮ್ಮವರ ನಡುವೆ ನೆಮ್ಮದಿಯ ಬದುಕು ಎಲ್ಲವೂ ಒದಗಿಬಂದಿದ್ದವು. ಶ್ರೀಲಂಕಾದ ಮಾತೆತ್ತದೆ ಅಲ್ಲಿಯೇ ಕುಳಿತಿದ್ದರೂ ಯಾರೂ ಅವರನ್ನು ದೂರುತ್ತಿರಲಿಲ್ಲ. ಅವರು ಸಂಸ್ಥೆಗೆ ಒಂದು ಕಟ್ಟುಪಾಡು ಮಾಡಿಟ್ಟು, ಹಿರಿಯ ಪದವಿಯಿಂದ ಬಿಡುಗಡೆ ಕೇಳಿಕೊಂಡರು. 1686ರಲ್ಲಿ ಅನುಮತಿ ಸಿಕ್ಕಿತು. ಜಾನ್ ಎಂಬ ಸೇವಕ ಹುಡುಗನನ್ನು ಕರೆದುಕೊಂಡು ದಕ್ಷಿಣಕ್ಕೆ ಹೊರಟರು.

ವಾಡಿ ಜಂಕ್ಷನ್ನಿನಲ್ಲಿ ಗಾಡಿ ಬದಲಿಸಿದವರಿಗೆ ಕಾಯುವುದೆಂದರೇನು ಎಂದು ವಿವರಿಸಬೇಕಾಗಿಲ್ಲ. ಚಿತ್ತಾಪುರ, ಸೇಡಂ ಕಡೆಗೆ ಹೋಗುವ ಗಾಡಿ ಬರುವವರೆಗೆ ಗಂಟು ಮೂಟೆ ಇಟ್ಟುಕೊಂಡು ಕೂರಬೇಕು. ನಿದ್ದೆ ಹೋದರೆ ಗಾಡಿ ತಪ್ಪುತ್ತದೆ. ವಾಜ್ ಆರು ವರ್ಷ ಕಾದರು, ನಿದ್ದೆ ಹೋಗಲಿಲ್ಲ.

ದಾರಿಯಲ್ಲಿ ಗುರುವಿನ ನಿಲುವಂಗಿಯನ್ನು ಕಳಚಿಟ್ಟು ಕೂಲಿಯಾಳಿನ ವೇಷ ತೊಟ್ಟರು. ಡಚ್ಚರ ಕಾವಲಿದ್ದ ಬಂದರಿನೊಳಗೆ ಒಬ್ಬ ಪೋರ್ಚುಗೀಸ್ ಗುರು ಕಾಲಿಟ್ಟಿದ್ದರೆ ಮುಖದ ಬಣ್ಣವೇ ಹಿಡಿದುಕೊಡುತ್ತಿತ್ತು. ಗೋವಾದಲ್ಲಿ ಯಾವ ಮೈಬಣ್ಣ ಅವರನ್ನು ಎರಡನೆಯ ದರ್ಜೆಗೆ ತಳ್ಳಿತ್ತೋ ಅದೇ ಇಲ್ಲಿ ಅವರಿಗೆ ರಹದಾರಿಯಾಯಿತು. ತೂತುಕುಡಿಯಿಂದ ಕಡಲು ದಾಟಿ 1687ರಲ್ಲಿ ಜಾಫ್ನಾ ಸೇರಿದರು. ಪ್ರಯಾಣದಲ್ಲಿ ಹತ್ತಿದ ಆಮಶಂಕೆಯಿಂದ ಸಾಯುವಂತಾಗಿ, ದಯಾಳುಗಳ ಆರೈಕೆಯಿಂದ ಬದುಕಿಕೊಂಡರು.

ಸೇರಿದ್ದಾಯಿತು. ಆದರೆ ಕಥೋಲಿಕರು ಯಾರು, ಎಲ್ಲಿದ್ದಾರೆ? ಕೇಳುವಂತಿಲ್ಲ, ಕೇಳಿದರೆ ಸಿಕ್ಕಿಬೀಳುತ್ತಾರೆ. ಅವರು ಕೊರಳಿಗೆ ಜಪಸರ ಹಾಕಿಕೊಂಡು ಭಿಕ್ಷುಕನಂತೆ ಮನೆ ಮನೆಯ ಬಾಗಿಲಲ್ಲಿ ನಿಂತರೆಂದು ಚರಿತ್ರೆ ಬರೆದವರು ಹೇಳುತ್ತಾರೆ. ಭಿಕ್ಷೆ ಹಾಕುವವರ ಕಣ್ಣು ಜಪಸರದ ಮೇಲೆ ನಿಂತ ಕಡೆ ಅವರು ಹೆಜ್ಜೆ ತಡೆದರು. ಹೀಗೆ ಒಂದೊಂದೇ ಕುಟುಂಬವನ್ನು ಗುರುತಿಸಿ, ನಂಬಿಕೆ ಬಂದ ಮೇಲೆ ತಾವು ಗುರು ಎಂದು ತಿಳಿಸಿದರು. ರಾತ್ರಿಯ ಹೊತ್ತು ಮನೆಗಳಲ್ಲಿ ಬಲಿಪೂಜೆ ನಡೆಯತೊಡಗಿತು. ತಮಿಳಿನಲ್ಲಿ ಜ್ಞಾನೋಪದೇಶ ಹೇಳಲು ಕಲಿತರು.

1689ರ ಕ್ರಿಸ್ತಜಯಂತಿಯ ರಾತ್ರಿ ಡಚ್ಚರ ಸೈನಿಕರು ದಾಳಿಯಿಟ್ಟರು. ಪೂಜೆಗೆ ಸೇರಿದ್ದ ಸುಮಾರು 300 ಜನ ಸೆರೆಯಾದರು. ಮುಖಂಡರಾದ ಕೆಲವರನ್ನು ಬಡಿದು ಸೆರೆಮನೆಗೆ ತಳ್ಳಿದರು, ಅವರಲ್ಲೊಬ್ಬರು ಆ ಪೆಟ್ಟಿನಿಂದ ಪ್ರಾಣ ಬಿಟ್ಟರು. ಗುರು ಮಾತ್ರ ಸಿಕ್ಕಲಿಲ್ಲ. ಗುರುವಿಗಾಗಿ ಮೂವತ್ತು ವರ್ಷ ಕಾದಿದ್ದ ಜನ ಈಗ ಆ ಗುರುವಿಗಾಗಿ ಪೆಟ್ಟು ತಿಂದರು. ತಮ್ಮ ಗುರಿಯ ಬೆಲೆಯನ್ನು ಬೇರೆಯವರು ತೆರುವಾಗ ಆಗುವ ನೋವು ಎಂಥದೆಂದು ನಾವು ಊಹಿಸಿಕೊಳ್ಳಬಹುದಷ್ಟೆ. ತಾವು ಇಲ್ಲಿಯೇ ಇದ್ದರೆ ಇವರಿಗೆ ಇನ್ನೂ ಅಪಾಯವೆಂದು ಕಂಡುಕೊಂಡ ವಾಜ್ 1690ರಲ್ಲಿ ಜಾಗ ಬದಲಿಸಿ ಪುತ್ತಳಂಗೆ ಹೋದರು. ಅದು ಡಚ್ಚರಿಗೆ ಒಳಪಡದ ಕ್ಯಾಂಡಿ ರಾಜ್ಯಕ್ಕೆ ಸೇರಿತ್ತು. ಮುಟ್ಟಬೇಕಾದ ಜಾಗ ಬದಲಾಗಲಿಲ್ಲ, ದಾರಿ ಬದಲಾಯಿತು.

1692ರಲ್ಲಿ ರಾಜಧಾನಿ ಕ್ಯಾಂಡಿಗೇ ಹೋದರು. ದೊರೆ ಎರಡನೆಯ ವಿಮಲಧರ್ಮಸೂರ್ಯ ಬೌದ್ಧನು. ಬಂದವನು ಪೋರ್ಚುಗೀಸರ ಗೂಢಚಾರನೆಂದು ಆಸ್ಥಾನದಲ್ಲಿದ್ದ ಕಾಲ್ವಿನ್ ಪಂಥದ ಫ್ರೆಂಚನೊಬ್ಬ ಚಾಡಿ ಹೇಳಿದ. ವಾಜ್ ಸೆರೆಮನೆಗೆ ಹೋದರು.

ಅಲ್ಲಿ ಅವರು ಮಾಡಿದ ಮೊದಲ ಕೆಲಸ ಸಿಂಹಳ ಭಾಷೆ ಕಲಿಯುವುದು. ಜನ ಆಡುವ ಮಾತು ಬಾರದೆ ಈ ರಾಜ್ಯದಲ್ಲಿ ಏನನ್ನೂ ಮಾಡಲಾಗದು, ಕಲಿಯಲು ಬಿಡುವು ಇದಕ್ಕಿಂತ ಬೇರೆ ಎಲ್ಲಿ ಸಿಕ್ಕೀತು? ಕಾವಲುಗಾರರಿಗೆ ಇವರ ಮೇಲಿನ ಸಂಶಯ ಕ್ರಮೇಣ ಕರಗಿತು. ಸೆರೆಯ ಆವರಣದಲ್ಲೇ ಒಂದು ಗುಡಿಸಲು ಕಟ್ಟಿ, ಅದನ್ನೇ ಪ್ರಾರ್ಥನಾಲಯ ಮಾಡಿಕೊಂಡರು. ಮುಂದೆ ದೇವಮಾತೆಯ ಹೆಸರಿನ ದೇವಾಲಯವೊಂದು ಅಲ್ಲಿ ಎದ್ದಿತು. ನಗರದ ಕಥೋಲಿಕರು ಮೆಲ್ಲನೆ ಅಲ್ಲಿಗೆ ಬರತೊಡಗಿದರು.

ಒಮ್ಮೆ ಕ್ಯಾಂಡಿ ರಾಜ್ಯಕ್ಕೆ ಭೀಕರ ಬರ ಬಂದಿತು. ಬರವೆಂದರೇನೆಂದು ಚಿಂಚೋಳಿಯ, ಸೇಡಂನ ರೈತರಿಗೆ ಹೇಳಬೇಕಾಗಿಲ್ಲ, ತೊಗರಿ ಹೂ ಬಿಡುವ ಕಾಲಕ್ಕೆ ಮುಗಿಲು ನೋಡುತ್ತ ನಿಂತವರು ಅವರು. ದೊರೆ ಎಲ್ಲರಿಂದ ಪ್ರಾರ್ಥನೆ ಮಾಡಿಸಿ, ಕೊನೆಗೆ ಕಥೋಲಿಕ ಗುರುವಿಗೂ ಹೇಳಿಕಳುಹಿಸಿದ. ವಾಜ್ ಬಯಲಿನಲ್ಲಿ ಪೀಠ ಕಟ್ಟಿ, ಶಿಲುಬೆ ನಿಲ್ಲಿಸಿ ಮೊಣಕಾಲೂರಿದರು. ಧಾರಾಕಾರ ಮಳೆ ಸುರಿಯಿತೆಂದೂ ಅವರಿದ್ದ ಜಾಗ ಮಾತ್ರ ನೆನೆಯಲಿಲ್ಲವೆಂದೂ ಪರಂಪರೆ ಹೇಳುತ್ತದೆ. ದೊರೆ ಅವರಿಗೆ ರಾಜ್ಯದಲ್ಲೆಲ್ಲ ಬೋಧಿಸುವ ಅನುಮತಿ ಕೊಟ್ಟ.

ಶ್ರೀಲಂಕಾಕ್ಕೆ ಬಂದು ಹತ್ತಿರ ಹತ್ತು ವರ್ಷ ಅವರು ಇಡೀ ದ್ವೀಪಕ್ಕೆ ಒಬ್ಬರೇ ಗುರುಗಳಾಗಿದ್ದರು. ಆಮೇಲೆ ಗೋವಾದ ಒರೆಟರಿಯಿಂದ ಸಹಾಯಕ್ಕೆ ಗುರುಗಳು ಬರತೊಡಗಿದರು. ಕೊಚ್ಚಿಯ ಧರ್ಮಾಧ್ಯಕ್ಷರು ಇವರನ್ನು ಶ್ರೀಲಂಕಾಕ್ಕೆ ತಮ್ಮ ಶ್ರೇಷ್ಠಗುರುವಾಗಿ ನೇಮಿಸಿದ ಸುದ್ದಿಯೂ ಬಂದಿತು. ತಾವು ಹೊರಡುವ ಮೊದಲು ಗೋವಾದ ಸಂಸ್ಥೆಗೆ ಕಟ್ಟುಪಾಡು ಮಾಡಿಟ್ಟು ಬಂದಿದ್ದರ ಫಲ ಇದು. ಅಂದು ಅದನ್ನು ಹಾಗೆಯೇ ಬಿಟ್ಟು ಓಡಿಬಂದಿದ್ದರೆ ಇಂದು ಕಳುಹಿಸಲು ಅಲ್ಲಿ ಯಾರೂ ಇರುತ್ತಿರಲಿಲ್ಲ.

1697ರಲ್ಲಿ ಕ್ಯಾಂಡಿಯಲ್ಲಿ ಸಿಡುಬು ಹಬ್ಬಿತು. ಅರಮನೆಯವರು ಊರು ಬಿಟ್ಟರು. ಮನೆಯವರೇ ರೋಗಿಗಳನ್ನು ಹೊರಗೆ ಹಾಕಿ ಓಡಿದರು. ವಾಜ್ ಮತ್ತು ಜೊತೆಗಾರ ಗುರು ಜೋಸೆಫ್ ಕರ್ವಾಲೊ ಹಾಗೆ ಬಿದ್ದವರನ್ನು ಎತ್ತಿ ತಂದು, ಗಾಯ ತೊಳೆದು, ಉಣಿಸಿ, ಸತ್ತವರನ್ನು ಮಣ್ಣು ಮಾಡಿದರು. ರೋಗಿ ಕ್ರೈಸ್ತನೋ ಬೌದ್ಧನೋ ಎಂದು ಕೇಳಲಿಲ್ಲ. ಮಳೆಗಿಂತಲೂ ಈ ಸೇವೆಯೇ ಕ್ಯಾಂಡಿಯ ಜನರ ಮನಸ್ಸು ಗೆದ್ದಿತೆಂದು ನನ್ನ ಅನಿಸಿಕೆ.

ಮುಂದಿನ ವರ್ಷಗಳನ್ನು ಬೇಗ ಹೇಳಿ ಮುಗಿಸಬಹುದು, ಅವು ನಡಿಗೆಯ ವರ್ಷಗಳು. ಡಚ್ಚರ ನೆಲದೊಳಕ್ಕೆ ವೇಷ ಮರೆಸಿಕೊಂಡು ಹೋಗುವುದು, ಪೂಜೆ ಅರ್ಪಿಸಿ, ಮಕ್ಕಳಿಗೆ ಜ್ಞಾನಸ್ನಾನ ಕೊಟ್ಟು, ಮದುವೆಗಳನ್ನು ಆಶೀರ್ವದಿಸಿ ಬೆಳಗಾಗುವುದರೊಳಗೆ ಮರೆಯಾಗುವುದು. ಗುರು ಇಲ್ಲದಿರುವಾಗ ಪ್ರಾರ್ಥನೆ ನಡೆಸಲು, ಮಕ್ಕಳಿಗೆ ಕಲಿಸಲು ಗೃಹಸ್ಥರಿಗೇ ಹೊಣೆ ವಹಿಸಿದರು. ದ್ವೀಪವನ್ನು ಎಂಟು ವಲಯಗಳಾಗಿ ಹಂಚಿ ಒಂದೊಂದಕ್ಕೆ ಒಬ್ಬ ಗುರುವನ್ನು ನೇಮಿಸಿದರು. 1704ರ ಸುಮಾರಿಗೆ ಅವರನ್ನು ಧರ್ಮಾಧ್ಯಕ್ಷ ಪದವಿಗೆ ಏರಿಸುವ ಮಾತು ಪಾಪುವಿನ ಪ್ರತಿನಿಧಿಯಿಂದಲೇ ಬಂದಾಗ ವಿನಯದಿಂದ ಬೇಡವೆಂದರು. ಇಪ್ಪತ್ತು ವರ್ಷದ ಹಿಂದೆ ಗೋವಾದಲ್ಲಿ ಪದವಿಯನ್ನು ಬಿಟ್ಟುಬಂದ ಹಾಗೆಯೇ.

1705ರಲ್ಲಿ ಜಾಕೊಮೆ ಗೊನ್ಸಾಲ್ವಿಸ್ ಎಂಬ ಗುರು ಗೋವಾದಿಂದ ಬಂದರು. ಭಾಷೆಯಲ್ಲಿ ಅವರಿಗಿದ್ದ ಪ್ರತಿಭೆಯನ್ನು ವಾಜ್ ಗುರುತಿಸಿದರು. ತಾವು ಸೆರೆಮನೆಯಲ್ಲಿ ಕಷ್ಟಪಟ್ಟು ಕಲಿತ ಸಿಂಹಳವನ್ನು ಈ ಯುವಗುರು ಚೆನ್ನಾಗಿ ಕಲಿಯಲಿ, ಆ ಭಾಷೆಯಲ್ಲಿ ಬರೆಯಲಿ ಎಂದು ಆ ಕೆಲಸಕ್ಕೆ ಹಚ್ಚಿದರು. ಗೊನ್ಸಾಲ್ವಿಸ್ ಸಿಂಹಳ ಮತ್ತು ತಮಿಳಿನಲ್ಲಿ ಬರೆದ ಗ್ರಂಥಗಳು ಇಂದಿಗೂ ಆ ನಾಡಿನ ಕ್ರೈಸ್ತ ಸಾಹಿತ್ಯದ ತಳಹದಿ. ತಮ್ಮಿಂದಾಗದ ಕೆಲಸಕ್ಕೆ ತಮಗಿಂತ ಸಮರ್ಥನನ್ನು ಹುಡುಕಿ ನಿಲ್ಲಿಸುವುದು ಎಲ್ಲರಿಗೂ ಬರುವ ಗುಣವಲ್ಲ. ನಮ್ಮ ಸಂಘಗಳಲ್ಲಿ, ಮನೆಗಳಲ್ಲಿ ಹಿರಿಯರು ಕೀಲಿಕೈ ಬಿಟ್ಟುಕೊಡದೆ ಎಷ್ಟು ಒಳ್ಳೆಯ ಕೆಲಸಗಳು ನಿಂತುಹೋಗಿವೆಯೋ!

1707ರಲ್ಲಿ ದೊರೆ ತೀರಿಕೊಂಡು ಮಗ ನರೇಂದ್ರಸಿಂಹ ಪಟ್ಟಕ್ಕೆ ಬಂದ. ಅವನೂ ಗುರುಗಳಿಗೆ ಒಲವು ತೋರಿದ. ಅಷ್ಟರಲ್ಲಿ ವಾಜರ ದೇಹ ಸೋತಿತ್ತು. ಬರಿಗಾಲ ನಡಿಗೆ, ಕಾಡಿನ ಜ್ವರ, ಹೊತ್ತು ಹೊತ್ತಿಗೆ ಊಟವಿಲ್ಲದ ಬಾಳು ಅವರನ್ನು ಹಣ್ಣು ಮಾಡಿದ್ದವು. ಗೋವಾಕ್ಕೆ ಒಮ್ಮೆಯಾದರೂ ಹೋಗಿಬರಲಿಲ್ಲ. 1711ರ ಜನವರಿ 16ರಂದು, ಅರವತ್ತು ತುಂಬಲು ಮೂರು ತಿಂಗಳಿರುವಾಗ, ಕ್ಯಾಂಡಿಯಲ್ಲಿ ಪ್ರಭುವಿನಲ್ಲಿ ನಿದ್ರಿಸಿದರು.

ಅವರ ಹಿಂದೆ ಬಂದ ಗೋವಾದ ಒರೆಟರಿಯ ಗುರುಗಳು ಸುಮಾರು ಒಂದು ಶತಮಾನಕ್ಕೂ ಮಿಕ್ಕಿ ಶ್ರೀಲಂಕಾದ ಕಥೋಲಿಕರನ್ನು ಕಾಯ್ದರು. ಕಥೋಲಿಕರ ಮೇಲಿದ್ದ ನಿರ್ಬಂಧಗಳನ್ನು 1806ರಲ್ಲಿ ಬ್ರಿಟಿಷರು ತೆಗೆದುಹಾಕಿದಾಗ, ಬಹಿರಂಗವಾಗಿ ಪೂಜೆಗೆ ಬರಲು ಅಲ್ಲಿ ಜನರಿದ್ದರು. ಕೊಲಂಬೊದ ಕಡಲ ದಂಡೆಯಲ್ಲಿ 1995ರ ಜನವರಿ 21ರಂದು ಜಗದ್ಗುರು ಎರಡನೆಯ ಜಾನ್ ಪೌಲರು ಜೋಸೆಫ್ ವಾಜ್ ಅವರನ್ನು ಪುನೀತರೆಂದೂ, ಅದೇ ಬಯಲಿನಲ್ಲಿ 2015ರ ಜನವರಿ 14ರಂದು ಜಗದ್ಗುರು ಫ್ರಾನ್ಸಿಸರು ಸಂತರೆಂದೂ ಘೋಷಿಸಿದರು. ಬೇರೆ ಸಂತರಂತೆ ಅವರಿಗೆ ಸಮಾಧಿಯ ಮೇಲೆ ಕಟ್ಟಿದ ಮಹಾದೇವಾಲಯವಿಲ್ಲ. ಕ್ಯಾಂಡಿಯಲ್ಲಿ ಅವರನ್ನು ಮಣ್ಣು ಮಾಡಿದ ಜಾಗ ಯಾವುದೆಂಬುದಕ್ಕೆ ಇಂದು ಗುರುತು ಉಳಿದಿಲ್ಲ. ಅವರು ಮೊದಲು ಕೇಳಿಕೊಂಡ ಆ ದ್ವೀಪದ ಮಣ್ಣಿನಲ್ಲಿ ಎಲ್ಲಿಯೋ ಇದ್ದಾರೆ.